ಬೀಟೆ ದಿಮ್ಮಿ ಮತ್ತು ನಡೆದು ಬಂದ ಗುಂಡು

ನಮ್ಮ ಊರಿನಲ್ಲಿ ಒಂದು ಒಳ್ಳೆಯ ಕೋವಿ ಮಾಡಿಸಿಕೊಳ್ಳಲು ಏನು ಬೀಳುತ್ತದೆ ಎಂದು ಕೇಳಿದವರಿಗೆ ನಾನು ಹೇಳುವ ಲೆಕ್ಕ ಇದು. ನಳಿಗೆಗೆ ಒಂದು ಜೊತೆ ಹೋರಿಯ ಬೆಲೆ. ಕುದುರೆಗೆ, ಅಂದರೆ ಬೆರಳಲ್ಲಿ ಎಳೆಯುವ ಆ ಚಿಕ್ಕ ಕೊಕ್ಕೆಗೆ, ಅದರ ಸ್ಪ್ರಿಂಗೂ ಸೇರಿ ಒಂದು ಮೂಟೆ ಭತ್ತ. ಹೆಗಲಿಗೆ ಒತ್ತಿಕೊಳ್ಳುವ ಮರದ ಹಿಡಿ ನನ್ನ ಕೈಯಿಂದ ಆದರೆ ಎರಡು ಮೂಟೆ. ಬೇರೆಯವರ ಕೈಯಿಂದ ಆದರೆ ಒಂದು ಮೂಟೆ ಮತ್ತು ಜೀವಮಾನವಿಡೀ ಹೆಗಲು ನೋವು. ನೇತುಹಾಕಿಕೊಳ್ಳುವ ಚರ್ಮದ ಪಟ್ಟಿ ನಾನು ಸುಮ್ಮನೆ ಕೊಡುತ್ತೇನೆ. ಇನ್ನು ಉಳಿದದ್ದು ಗುಂಡು. ಒಂದು ಗುಂಡಿಗೆ ಒಂದು ಮಧ್ಯಾಹ್ನ ಬೀಳುತ್ತದೆ. ಅದರಲ್ಲಿ ಚೌಕಾಸಿ ಇಲ್ಲ.

ಯಾಕೆಂದರೆ ನಮ್ಮಲ್ಲಿ ಗುಂಡು ನಡೆದುಕೊಂಡು ಹೋಗುತ್ತದೆ. ನಳಿಗೆಯಿಂದ ಹೊರಗೆ ಬಂದದ್ದೇ ಊಟ ಮುಗಿಸಿದ ಮನುಷ್ಯ ನಡೆಯುವ ಹಾಗೆ, ಅವಸರವಿಲ್ಲದೆ, ತನ್ನಷ್ಟಕ್ಕೆ ತಾನು ತಿರುಗುತ್ತ, ಸಣ್ಣಗೆ ಗುನುಗುತ್ತ, ನೇರವಾಗಿ ಸಾಗುತ್ತದೆ. ಕೆಳಗೆ ಬೀಳುವುದಿಲ್ಲ, ಪಕ್ಕಕ್ಕೆ ಸರಿಯುವುದಿಲ್ಲ. ಮಣ್ಣಿನ ಗೋಡೆ, ಕಲ್ಲು, ಕಬ್ಬಿಣ ಎಲ್ಲವನ್ನೂ ಮೊಸರಿನಲ್ಲಿ ಬೆರಳಾಡಿಸಿದ ಹಾಗೆ ದಾಟಿ ಹೋಗುತ್ತದೆ. ಚೆನ್ನಾಗಿ ಒಣಗಿದ ಗಟ್ಟಿ ಮರ, ಅದೂ ಒಂದೇ ತುಂಡು, ಎರಡು ಮೊಳಕ್ಕೆ ಕಡಿಮೆಯಿಲ್ಲದೆ ಎದುರಾದರೆ ಮಾತ್ರ ಅದರೊಳಗೆ ಹೋಗಿ ಕೂತುಬಿಡುತ್ತದೆ. ತುಂಡು ತುಂಡು ಜೋಡಿಸಿಟ್ಟರೆ ಸಂದಿನಲ್ಲಿ ದಾರಿ ಹುಡುಕಿಕೊಂಡು ಆಚೆ ಬರುತ್ತದೆ.

ಹೊಡೆದವರು ತಮ್ಮ ಗುಂಡಿನ ಜೊತೆ ಹೋಗಬೇಕು. ಇದು ನಮ್ಮ ಪದ್ಧತಿ. ಕೈಯಲ್ಲಿ ಗಂಟೆ ಹಿಡಿದು, "ದಾರಿ, ದಾರಿ" ಎನ್ನುತ್ತ, ಗುಂಡು ನಿಲ್ಲುವ ತನಕ ಇಲ್ಲವೇ ಗುಡ್ಡದೊಳಗೆ ಹೊಕ್ಕು ಮರೆಯಾಗುವ ತನಕ ಪಕ್ಕದಲ್ಲಿ ನಡೆಯಬೇಕು. ಹಾಗಾಗಿಯೇ ನಮ್ಮ ಗಂಡಸರು ಮದುವೆಗೂ ತಿಥಿಗೂ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಹೋಗುತ್ತಾರೆ, ಹೊಡೆಯುವುದು ಮಾತ್ರ ಅಪರೂಪ. ಸಿಟ್ಟಿನಲ್ಲಿ ಹೊಡೆದವನು ತನ್ನ ಸಿಟ್ಟಿನ ಪಕ್ಕದಲ್ಲೇ ಮೂರು ಗದ್ದೆ ದಾಟಿ ನಡೆಯಬೇಕಲ್ಲ. ಅಷ್ಟರಲ್ಲಿ ಎದುರಿನವನು ಎರಡು ಹೆಜ್ಜೆ ಸರಿದು ನಿಂತು, "ಬಾರಯ್ಯ, ಬಿಸಿಲಿನಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ" ಎನ್ನುತ್ತಾನೆ.

ನನ್ನ ಗಂಡ ನಮ್ಮ ಮದುವೆಯ ದಿನ ಸಂತೋಷಕ್ಕೆ ಆಕಾಶಕ್ಕೆ ಒಂದು ಗುಂಡು ಹೊಡೆದಿದ್ದ. ಅದು ಇನ್ನೂ ಮೇಲೆ ಹೋಗುತ್ತಲೇ ಇದೆ. ಗಾಳಿ ನಿಂತ ಮಧ್ಯಾಹ್ನಗಳಲ್ಲಿ ಅಂಗಳದಲ್ಲಿ ಮಲಗಿ ಕಿವಿಗೊಟ್ಟರೆ ಅದರ ಗುನುಗು ಕೇಳಿಸಿದ ಹಾಗಾಗುತ್ತದೆ. ಬದುಕಿರುವಾಗ ಅದರ ಜೊತೆ ನಡೆಯಲು ಅವನಿಗೆ ಆಗಲಿಲ್ಲ. ಈಗ ಹೋಗಿದ್ದಾನೆ, ಬಹುಶಃ ಪಕ್ಕದಲ್ಲೇ ನಡೆಯುತ್ತಿರಬೇಕು.

ಅವನು ಹೋದ ಮೇಲೆ ಈ ಕೋವಿ ಅಂಗಡಿ ನಡೆಸುತ್ತಿರುವವಳು ನಾನು, ಸಾಕಮ್ಮ. ಕೋವಿ ಆರಿಸಲು ಬಂದವರಿಗೆ ನಾನು ಮೊದಲು ಕಣ್ಣು ಮುಚ್ಚಿಸುತ್ತೇನೆ. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೆ ಏರಿಸು, ಕೆನ್ನೆ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿ ಕೂರಿಸು, ಈಗ ಕಣ್ಣು ಬಿಡು. ನಳಿಗೆಯ ತುದಿಯ ಗುರಿಮಣಿ ಸರಿಯಾಗಿ ಕಣ್ಣೆದುರಿಗೇ ಇದ್ದರೆ ಅದು ನಿನ್ನ ಕೋವಿ. ಕತ್ತು ಬಗ್ಗಿಸಿ ಹುಡುಕಬೇಕಾದರೆ ಅದು ಇನ್ಯಾರದೋ. ಬೆಳ್ಳಿಯ ಹೂ ಕೆತ್ತಿದ ಪಿಸ್ತೂಲನ್ನೇ ಬೇಕು ಎನ್ನುವವರಿಗೆ ಅದನ್ನು ಸೊಂಟಕ್ಕೆ ಕಟ್ಟಿ, "ಸಂತೆಗೆ ಹೋಗಿ ಬೆಲ್ಲ ತಗೊಂಡು ಬಾ" ಎಂದು ಕಳಿಸುತ್ತೇನೆ. ಬೆಲ್ಲ ತರುವಷ್ಟರಲ್ಲಿ ಸೊಂಟ ಜಗ್ಗಿ, ಚಿಕ್ಕದು ಹಗುರದ್ದು ಕೊಡಿ ಎಂದು ಅವರೇ ಕೇಳುತ್ತಾರೆ. ಬೆಲ್ಲ ನನಗೆ.

ನನ್ನ ಅಂಗಡಿಯ ಅಟ್ಟದ ಮೇಲೆ ಒಂದು ಬೀಟೆ ದಿಮ್ಮಿ ಇತ್ತು. ಮೂರು ಮೊಳ ಉದ್ದ, ಕೊಡದ ಬಾಯಿಯಷ್ಟು ದಪ್ಪ. ಒಂದು ಗಂಟಿಲ್ಲ, ಒಂದು ಸೀಳಿಲ್ಲ. ಹತ್ತೊಂಬತ್ತು ವರ್ಷ ನೆರಳಿನಲ್ಲಿ ಒಣಗಿಸಿದ್ದೆ. ಇಪ್ಪತ್ತು ತುಂಬಿದ ಮೇಲೆ ಅದರಲ್ಲಿ ನನಗೆಂದೇ ಒಂದು ಹಿಡಿ ಕಡೆದು, ನನ್ನ ಸ್ವಂತ ಕೋವಿಯಿಂದ ಹಬ್ಬದ ತೆಂಗಿನಕಾಯಿ ಸ್ಪರ್ಧೆಗೆ, ಅಂದರೆ ದೂರದ ಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಕ್ಕೆ, ನಿಲ್ಲಬೇಕೆಂದು ಆಸೆ. ಊರಿನ ಮುಕ್ಕಾಲು ಪಾಲು ಕೋವಿಗಳು ನನ್ನ ಕೈ ದಾಟಿ ಹೋಗಿವೆ. ನನ್ನದು ಅಂತ ಒಂದೂ ಇರಲಿಲ್ಲ. ಮದುವೆಗೆ ಎಲ್ಲರ ರವಿಕೆ ಹೊಲಿದು ತಾನು ಹಳೆಯದರಲ್ಲೇ ಹೋಗುವ ದರ್ಜಿಯ ಹೆಂಡತಿಯ ಪಾಡು ನನ್ನದು.

ಈ ದಿಮ್ಮಿಯ ಹಿಂದೆ ಒಂದು ಜಗಳವಿತ್ತು. ಮರ ನಿಂತಿದ್ದದ್ದು ನಮ್ಮ ಮನೆಗೂ ಪಕ್ಕದ ರುದ್ರಮ್ಮನ ಮನೆಗೂ ನಡುವಿನ ಬೇಲಿಯಲ್ಲಿ. ಗಾಳಿಗೆ ಬಿತ್ತು, ನಮ್ಮ ಕಡೆಗೆ ಬಿತ್ತು. ಬಿದ್ದ ಕಡೆಯವರದು ಮರ ಎಂದು ನಾನು ಅಂದೆ. ಬೇರು ನನ್ನ ಕಡೆ ಇದೆ, ಅರ್ಧ ನನ್ನದು ಎಂದು ರುದ್ರಮ್ಮ ಅಂದಳು. ನಾನು ಕೊಯ್ಯಿಸಿ ಅಟ್ಟಕ್ಕೆ ಹಾಕಿದೆ. ಅವತ್ತಿನಿಂದ ಮಾತಿಲ್ಲ. ಹತ್ತೊಂಬತ್ತು ವರ್ಷ ಅವಳ ಮನೆಯ ಒಗ್ಗರಣೆಯ ವಾಸನೆ ನನ್ನ ಅಡುಗೆಮನೆಗೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ.

ಈ ಸಲದ ಸ್ಪರ್ಧೆಗೆ ಹತ್ತು ದಿನ ಇರುವಾಗ ಅಂಚೆಯ ಗುರುಶಾಂತಪ್ಪ ಬಂದ. ಕಣಿವೆಯ ಆಚೆ ಮಗ್ಗುಲಿನಲ್ಲಿ ಮಹಡಿ ಮನೆ. ದಿನವಿಡೀ ಕಾಗದ ಹಂಚುತ್ತ ನಡೆಯುವ ಮನುಷ್ಯ, ಆದರೆ ಏಳು ವರ್ಷದಿಂದ ಅವನ ಗುಂಡು ತೆಂಗಿನಕಾಯಿಯ ಪಕ್ಕದಲ್ಲೇ ನಡೆದು ಹೋಗುತ್ತಿತ್ತು. ಗೆಲ್ಲುತ್ತಿದ್ದವನು ಅವನ ಹೆಂಡತಿಯ ತಮ್ಮ.

"ಸಾಕಕ್ಕಾ, ಎಳೆಯುವಾಗ ಕೈ ಅಲುಗುತ್ತೆ. ಕುದುರೆ ಗಟ್ಟಿ. ಉಸಿರು ತಾಕಿದರೆ ಸಾಕು ಹಾರಬೇಕು, ಹಾಗೆ ಮಾಡಿಕೊಡು."

"ಕುದುರೆ ಗಟ್ಟಿಯಲ್ಲ ಗುರುಶಾಂತ, ನಿನ್ನ ಎದೆ ಮೆತ್ತಗೆ. ಗುರಿ ಹಿಡಿಯುವಾಗ ಭಾವಮೈದನ ಮುಖ ನೆನೆಸ್ತೀಯ."

"ನೆನೆಸಬಾರದು ಅಂದಷ್ಟೂ ಅದೇ ನೆನಪಾಗುತ್ತೆ. ಈ ವರ್ಷವೂ ಸೋತರೆ ಹೆಂಡತಿಯ ತವರಲ್ಲಿ ಹಬ್ಬದ ಊಟಕ್ಕೆ ಕೂರೋ ಹಾಗಿಲ್ಲ ನಾನು. ಮಾಡಿಕೊಡಕ್ಕ."

ಕುದುರೆಯ ಒಳಗಿನ ಕಚ್ಚನ್ನು ಅರದಿಂದ ಸವರಿದೆ. ಎರಡು ಎಳೆತಕ್ಕೆ ಹಗುರಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು, ಕೈಗೆ ಗೊತ್ತಿತ್ತು. ಅವನ ಮುಖ ನೋಡಿ ಇನ್ನೊಂದು ಎಳೆತ ಎಳೆದೆ. ಬೇರೆ ಊರಿನ ಯಾವ ಕೋವಿ ಕೆಲಸದವರೂ ಈ ತಪ್ಪು ಮಾಡಲಾರರು, ಅವರಿಗೆ ಭಯವಿರುತ್ತದೆ. ನಮ್ಮಲ್ಲಿ ತಪ್ಪಿ ಹಾರಿದ ಗುಂಡಿನಿಂದ ಪಕ್ಕಕ್ಕೆ ಸರಿದು ನಿಲ್ಲಬಹುದಲ್ಲ. ಆ ಸಲಿಗೆಯಲ್ಲೇ ನನ್ನ ಕೈ ಕೆಟ್ಟಿತ್ತು.

ಸ್ಪರ್ಧೆಯ ಹಿಂದಿನ ದಿನ ತೋಟೆ ತುಂಬಿ ಕೋವಿಯನ್ನು ದೇವರ ದೀಪದ ಮುಂದೆ ಇಡುವುದು ರೂಢಿ. ಅವತ್ತು ಮಧ್ಯಾಹ್ನ ನಾನು ಒಂದು ಪಿಸ್ತೂಲಿನ ಹಿಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆ. ಬಿಸಿಲು ಜೇನಿನ ಹಾಗೆ ದಪ್ಪಗೆ ಸುರಿಯುತ್ತಿತ್ತು. ಕಣಿವೆಯ ಆಚೆಯಿಂದ ಗಂಟೆಯ ಸದ್ದು ಕೇಳಿತು. ನಡೆಯುವವರ ಗಂಟೆಯಲ್ಲ, ಓಡುವವರ ಗಂಟೆ. ಹೊರಗೆ ಬಂದು ನೋಡಿದರೆ ಗುರುಶಾಂತಪ್ಪ ಹಳ್ಳ ದಾಟಿ, ಪಂಚೆ ಎತ್ತಿಕಟ್ಟಿ ಏರು ಹತ್ತುತ್ತಿದ್ದಾನೆ. ಅವನ ಹಿಂದೆ, ತುಂಬ ಮೇಲೆ, ಕಣಿವೆಯ ನಡುಗಾಳಿಯಲ್ಲಿ ಒಂದು ಮಿಣುಕು. ದುಂಬಿಯ ಹಾಗೆ ತಿರುಗುತ್ತ, ತನ್ನ ಪಾಡಿಗೆ ತಾನು ಬರುತ್ತಿದೆ.

"ಸಾಕಕ್ಕಾ, ಹೂವು!" ಎಂದ, ಉಸಿರು ಸಿಗದೆ. "ನಮ್ಮವಳು ಕೋವಿಯ ಮೇಲೆ ಒಂದು ಸೇವಂತಿಗೆ ಇಟ್ಟಳು. ಅಷ್ಟೇ. ಹೂವಿನ ಭಾರಕ್ಕೆ ಹಾರಿತು."

ಗುಂಡಿನ ದಾರಿ ಅಳೆಯಲು ನಾನು ನೂಲು ಬಿಗಿದು ಹಿಡಿದು ಒಂದು ಕಣ್ಣು ಮುಚ್ಚಿದೆ. ಅವನ ಮಹಡಿಯ ಕಿಟಕಿ, ಆ ಮಿಣುಕು, ಆಮೇಲೆ ಈ ಕಡೆ. ನೂಲಿನ ಕೊನೆ ನಮ್ಮ ಮನೆಯ ಮೇಲೆ ಬೀಳಲಿಲ್ಲ. ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಯ ಮೇಲೆ ಬಿತ್ತು. ಮಂಚದ ಎತ್ತರ.

ಬೇರೆ ಯಾರೇ ಆಗಿದ್ದರೂ ಎದ್ದು ಹೊರಗೆ ಬಂದು ಕೂರು ಎಂದರೆ ಮುಗಿಯುತ್ತಿತ್ತು. ಆದರೆ ರುದ್ರಮ್ಮ ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹನ್ನೆರಡು ದಿನವಾಗಿತ್ತು. ಮೂಳೆ ಕಟ್ಟುವ ಬಾಪು ಸಾಬರು ಬಿದಿರು ಪಟ್ಟಿ ಕಟ್ಟಿ, ಇಪ್ಪತ್ತೊಂದು ದಿನ ಎಳ್ಳಷ್ಟೂ ಅಲುಗಿಸಬೇಡಿ, ಮಂಚವನ್ನೂ ಎಳೆಯಬೇಡಿ, ಈಗ ಎತ್ತಿದರೆ ಈ ಹೆಂಗಸು ಇನ್ನು ಯಾವತ್ತೂ ನಡೆಯುವುದಿಲ್ಲ ಎಂದು ಎಲ್ಲರ ಎದುರಿಗೆ ಹೇಳಿ ಹೋಗಿದ್ದರು. ಬೇಲಿಯ ಈಚೆಯಿಂದ ನಾನೂ ಕೇಳಿಸಿಕೊಂಡಿದ್ದೆ.

ಗುರುಶಾಂತಪ್ಪ ಆಗಲೇ ಅಲ್ಲಿಗೆ ಓಡಿದ್ದ. ಒಳಗಿನಿಂದ ರುದ್ರಮ್ಮನ ಸೊಸೆ ಚೆಲುವಿಯ ಅಳು ಕೇಳಿತು. "ಎತ್ತೋಣ, ಬೇರೆ ದಾರಿ ಇಲ್ಲ. ಜೀವ ಉಳಿದರೆ ಸಾಕು. ನೀವು ತಲೆ ಹಿಡೀರಿ, ನಾನು ಕಾಲು ಹಿಡೀತೀನಿ."

ನಾನು ಅಂಗಡಿಯೊಳಗೆ ಹೋಗಿ ಅಟ್ಟದ ಕೆಳಗೆ ನಿಂತೆ. ನಿಜ ಹೇಳುತ್ತೇನೆ, ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ನಿಂತೆ. ಸುಮ್ಮನಿದ್ದರೆ ಅವರು ಎತ್ತುತ್ತಾರೆ. ರುದ್ರಮ್ಮ ಸಾಯುವುದಿಲ್ಲ, ಮಲಗಿರುತ್ತಾಳೆ ಅಷ್ಟೇ. ತಪ್ಪು ಗುರುಶಾಂತನ ಹೆಂಡತಿಯ ಹೂವಿನದು ಎಂದು ಊರು ಹೇಳುತ್ತದೆ. ಆ ಮೂರನೆಯ ಎಳೆತ ನನಗೆ ಮತ್ತು ನನ್ನ ಅರಕ್ಕೆ ಬಿಟ್ಟು ಯಾರಿಗೂ ಗೊತ್ತಿಲ್ಲ. ದಿಮ್ಮಿ ಮೇಲಿನಿಂದ ನೋಡುತ್ತಿತ್ತು. ಹತ್ತೊಂಬತ್ತು ವರ್ಷ ವಾರಕ್ಕೊಮ್ಮೆ ಅದನ್ನು ಮಗ್ಗುಲು ತಿರುಗಿಸಿದ್ದೇನೆ, ಹಸುಗೂಸನ್ನು ತಿರುಗಿಸಿ ಮಲಗಿಸಿದ ಹಾಗೆ. ಹೊರಗೆ ಗುನುಗು ಹತ್ತಿರವಾಗುತ್ತಿತ್ತು. ಯಾರೋ ದೂರದಲ್ಲಿ ಮಗುವನ್ನು ಮಲಗಿಸುತ್ತಿರುವ ಹಾಗಿತ್ತು ಅದರ ರಾಗ.

"ಗುರುಶಾಂತಾ!" ಎಂದು ಕೂಗಿದೆ. "ಅವಳನ್ನು ಮುಟ್ಟಬೇಡ. ಇಲ್ಲಿ ಬಾ, ಇದಕ್ಕೆ ಹೆಗಲು ಕೊಡು."

ನಾವಿಬ್ಬರೂ ದಿಮ್ಮಿ ಹೊತ್ತು ಬೇಲಿಯ ಕಿಂಡಿಯಲ್ಲಿ ನುಗ್ಗಿದೆವು. ಆ ಮನೆಯ ಹೊಸಿಲು ಮೊದಲಿಗಿಂತ ಎತ್ತರ ಮಾಡಿಸಿದ್ದಾರೆಂದು ನನ್ನ ಕಾಲು ಎಡವಿದಾಗ ಗೊತ್ತಾಯಿತು.

ರುದ್ರಮ್ಮ ಚಾವಣಿ ನೋಡುತ್ತ ಮಲಗಿದ್ದಳು. ಕತ್ತು ತಿರುಗಿಸಲಿಲ್ಲ, ತಿರುಗಿಸುವ ಹಾಗೂ ಇರಲಿಲ್ಲ. "ಈ ಹೆಜ್ಜೆ ಸದ್ದು ನನಗೆ ಗೊತ್ತು. ಎಡಗಾಲು ಎಳೆದುಕೊಂಡು ಬರೋದು ಈ ಊರಲ್ಲಿ ಒಬ್ಬಳೇ. ಸಾಕಿ ತಾನೆ?"

"ನಾನೇ, ರುದ್ರಕ್ಕ."

"ಸಾಯೋದು ನೋಡಕ್ಕೆ ಬಂದೆಯಾ?"

"ನೋಡಕ್ಕಲ್ಲ. ಗುಂಡಿಗೆ ಅಡ್ಡ ಇಡಕ್ಕೆ ಮರ ತಂದೆ."

"ಯಾವ ಮರ?"

ನಾನು ದಿಮ್ಮಿಯ ತುದಿಯನ್ನು ನೆಲಕ್ಕೆ ಇಳಿಸಿದೆ. ಚೆಲುವಿಯೇ ಹೇಳಿದಳು, "ಅತ್ತೆ, ಬೇಲಿಯ ಬೀಟೆ."

ರುದ್ರಮ್ಮ, "ಅದರಲ್ಲಿ ಅರ್ಧ ನನ್ನದು," ಎಂದಳು. "ನನ್ನ ಅರ್ಧವನ್ನು ನನ್ನ ಕಡೆಗೆ ಇಡು."

ಅವಳ ಮದುವೆಯ ಪೆಟ್ಟಿಗೆಯನ್ನು ಕಿಟಕಿಗೂ ಮಂಚಕ್ಕೂ ನಡುವೆ ಎಳೆದೆವು. ದಿಮ್ಮಿಯನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿದೆವು, ಒಂದು ತುದಿ ಕಿಟಕಿಗೆ, ಇನ್ನೊಂದು ತುದಿ ರುದ್ರಮ್ಮನ ಪಕ್ಕೆಗೆ. ಗುಂಡು ಸರಿಯಾಗಿ ಮರದ ತಿರುಳಿಗೇ ಹೊಗಬೇಕು. ಅಂಚಿಗೆ ಬಿದ್ದರೆ ಸೀಳಿಕೊಂಡು ಹೊರಗೆ ಬರುತ್ತದೆ. ನಾನು ಮಂಡಿಯೂರಿ, ದಿಮ್ಮಿಯ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ ತೆರೆದೆ. ಕೋವಿ ಆರಿಸಲು ಬಂದವರಿಗೆ ಹೇಳುವ ಹಾಗೆಯೇ. ಮಿಣುಕು ಬೇಲಿ ದಾಟುತ್ತಿತ್ತು.

"ಬಲಕ್ಕೆ ಒಂದು ಬೆರಳು," ಎಂದೆ. ಗುರುಶಾಂತ ತಳ್ಳಿದ. "ತುಂಬ ಆಯಿತು, ಅರ್ಧ ಬೆರಳು ಹಿಂದಕ್ಕೆ. ಹಿಂಭಾಗ ಸ್ವಲ್ಪ ಎತ್ತು. ಚೆಲುವಿ, ಅಡಿಗೆ ಏನಾದರೂ ಕೊಡು."

ಚೆಲುವಿ ದೇವರ ಗೂಡಿನಿಂದ ಪಂಚಾಂಗ ತಂದು ಕೊಟ್ಟಳು. ಅದರ ದಪ್ಪಕ್ಕೆ ಸರಿಹೋಯಿತು.

"ರುದ್ರಕ್ಕ," ಎಂದೆ, ಗುಂಡಿನಿಂದ ಕಣ್ಣು ತೆಗೆಯದೆ. "ತಪ್ಪು ಹೂವಿನದಲ್ಲ. ಕುದುರೆಯನ್ನು ಒಂದು ಎಳೆತ ಜಾಸ್ತಿ ಅರ ಹಾಕಿದವಳು ನಾನು. ಗೊತ್ತಿದ್ದೂ ಹಾಕಿದೆ."

ಗುರುಶಾಂತ ಬಾಯಿ ತೆರೆದ. ರುದ್ರಮ್ಮ ಅವನಿಗೆ ಅವಕಾಶ ಕೊಡಲಿಲ್ಲ. "ನಿನ್ನ ಕೈ ಯಾವಾಗಲೂ ಹಾಗೇ ಸಾಕಿ. ಸಾರಿಗೆ ಉಪ್ಪು ಹಾಕುವಾಗಲೂ ಒಂದು ಚಿಟಿಕೆ ಜಾಸ್ತಿ. ಈಗ ಬಾಯಿ ಮುಚ್ಚಿ ನೋಡು, ಬಂತು."

ಬಂತು. ಕಿಟಕಿಯ ಬೆಳಕಿನಲ್ಲಿ ಒಂದು ಕ್ಷಣ ನಿಂತ ಹಾಗೆ ಕಂಡಿತು, ಮನೆ ಇದೋ ಅಲ್ಲವೋ ಎಂದು ನೋಡುವ ನೆಂಟನ ಹಾಗೆ. ಹತ್ತಿರದಿಂದ ನೋಡಿದರೆ ಎಷ್ಟು ಚಂದ ಅದು. ತಾಮ್ರದ ಮೈ ಬಿಸಿಲಿಗೆ ಕೆಂಪಗೆ, ತಿರುಗುವಾಗ ಅದರ ಸುತ್ತ ಗಾಳಿಯೂ ತಿರುಗುತ್ತಿತ್ತು. ನನ್ನ ಮೂಗಿನ ಮುಂದೆ ದಾಟಿ, ದಿಮ್ಮಿಯ ನಡು ತಿರುಳಿಗೆ ಮುಖ ಹಚ್ಚಿತು. ಸದ್ದಿಲ್ಲದೆ ಒಳಗೆ ಹೋಯಿತು. ಗುನುಗು ಮರದೊಳಗೆ ಇಳಿದು ದಪ್ಪಗಾಯಿತು. ಕೋಣೆಯ ತುಂಬ ಬೀಟೆಯ ಹಸಿ ವಾಸನೆ, ಹತ್ತೊಂಬತ್ತು ವರ್ಷದ ಹಿಂದೆ ಮರ ಬಿದ್ದ ಬೆಳಿಗ್ಗೆ ಬಂದಿತ್ತಲ್ಲ, ಅದೇ ವಾಸನೆ.

ನಾನು ದಿಮ್ಮಿಯ ಮೇಲೆ ಅಂಗೈ ಇಟ್ಟು ಅದರ ಜೊತೆ ನಡೆಸಿದೆ. ಬಿಸಿ ಎಲ್ಲಿದೆಯೋ ಅಲ್ಲಿ ಗುಂಡು. ಒಂದು ಮೊಳ ದಾಟಿತು. ಒಂದೂವರೆ. ಎರಡು ಮೊಳಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನಾನು ಲೆಕ್ಕ ಹಾಕಿದ್ದು ಇಪ್ಪತ್ತು ವರ್ಷ ಒಣಗಿದ ಮರಕ್ಕೆ. ಇದಕ್ಕೆ ಇನ್ನೂ ಒಂದು ವರ್ಷ ಬಾಕಿ ಇತ್ತು. ನಡುವೆ ಎಲ್ಲೋ ಒಂದಿಷ್ಟು ಹಸಿ ಉಳಿದಿತ್ತು.

"ಅತ್ತೆ, ನಿಲ್ತಾ ಇಲ್ಲ," ಎಂದು ಚೆಲುವಿ ಪಿಸುಗುಟ್ಟಿದಳು.

ಗುರುಶಾಂತ ರುದ್ರಮ್ಮನ ಹೆಗಲಿನ ಕೆಳಗೆ ಕೈ ತೂರಿಸಹೋದ. "ಬೇಡ" ಎಂದಳು ಅವಳು. ತನ್ನ ಕೈ ಚಾಚಿ ದಿಮ್ಮಿಯ ಈಚೆ ತುದಿಗೆ ಅಂಗೈ ಒತ್ತಿ ಇಟ್ಟಳು. "ಬೆಚ್ಚಗಾಗ್ತಿದೆ," ಎಂದಳು. ಆಮೇಲೆ, "ಇನ್ನೂ." ನಾನು ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. ಏನು ಉಪಯೋಗ ಎಂದು ಕೇಳಬೇಡಿ. ಗುಂಡಿನ ಜೊತೆ ಹೋಗಬೇಕಾದವಳು ನಾನು, ಅಷ್ಟು ಗೊತ್ತಿತ್ತು.

ಗುನುಗು ನಿಂತಿತು.

ಎಷ್ಟು ಹೊತ್ತು ಹಾಗೆಯೇ ಇದ್ದೆವೋ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದ ಸದ್ದಾಯಿತು. ಆಗ ದಿಮ್ಮಿ ಒಂದು ನಿಟ್ಟುಸಿರು ಬಿಟ್ಟು, ತುದಿಯಿಂದ ತುದಿಗೆ, ಕಣ್ಣೆದುರಿಗೇ, ಎರಡಾಗಿ ಸೀಳಿತು. ಸೀಳಿನ ನಡುವೆ, ರುದ್ರಮ್ಮನ ಅಂಗೈಗೆ ಒಂದು ಬೆರಳಿನ ಅಗಲ ಉಳಿದಿರುವಾಗ, ಗುಂಡು ಮಲಗಿತ್ತು.

ಎರಡು ಹೋಳೂ ಒಂದೇ ಸಮ ಆಗಿರಲಿಲ್ಲ. ಸೀಳು ಓರೆಯಾಗಿ ಹೋಗಿತ್ತು. ರುದ್ರಮ್ಮ ಕಣ್ಣಂಚಿನಿಂದ ಅಳತೆ ಮಾಡಿ, "ದೊಡ್ಡ ಹೋಳು ನಿನ್ನ ಕಡೆ ಬಿದ್ದಿದೆ. ಈಗಲೂ!" ಎಂದಳು. ನಾನು ನಕ್ಕೆನೋ ಅತ್ತೆನೋ, ಚೆಲುವಿ ನೀರು ತಂದು ಕೊಟ್ಟಳು.

ಮಾರನೆಯ ದಿನ ಗುರುಶಾಂತಪ್ಪ ಸ್ಪರ್ಧೆಗೆ ನಿಲ್ಲಲಿಲ್ಲ. ಭಾವಮೈದನ ಗುಂಡಿನ ಜೊತೆ ನಡೆದು ಹೋಗಿ, ತೆಂಗಿನಕಾಯಿ ಒಡೆದದ್ದು ನೋಡಿ, ಅದೇ ಕಾಯಿಯ ಚೂರು ತಿಂದು ಬಂದನಂತೆ. ಅವನ ಕೋವಿಗೆ ಹೊಸ ಕುದುರೆ ಹಾಕಿ ಗಟ್ಟಿ ಮಾಡಿಕೊಟ್ಟೆ. ಅಂದಿನಿಂದ ಅರ ಹಿಡಿದಾಗಲೆಲ್ಲ ಪಕ್ಕದಲ್ಲಿ ಒಂದು ಸೇವಂತಿಗೆ ಇಟ್ಟುಕೊಂಡಿರುತ್ತೇನೆ. ಕೆಲಸ ಮುಗಿದ ಮೇಲೆ ಖಾಲಿ ಕೋವಿಯ ಕುದುರೆಯ ಮೇಲೆ ಅದನ್ನು ಇಡುತ್ತೇನೆ. ಕುದುರೆ ಅಲುಗಿದರೆ ಆ ಕೋವಿ ಅಂಗಡಿ ಬಿಟ್ಟು ಹೋಗುವುದಿಲ್ಲ, ಕೊಳ್ಳುವವರು ಎಷ್ಟು ದೊಡ್ಡವರಾದರೂ ಸರಿ.

ಇಪ್ಪತ್ತೊಂದನೆಯ ದಿನ ಬಾಪು ಸಾಬರು ಬಿದಿರು ಪಟ್ಟಿ ಬಿಚ್ಚಿದರು. ದೊಡ್ಡ ಹೋಳಿನಲ್ಲಿ ನಾನು ಊರುಗೋಲು ಕಡೆದಿಟ್ಟಿದ್ದೆ. ಕೋವಿಯ ಹಿಡಿಯನ್ನು ಹೆಗಲಿಗೆ ಅಳೆಯುವ ಹಾಗೆ ಅವಳ ಅಂಗೈಗೆ ಅಳೆದು, ಕಣ್ಣು ಮುಚ್ಚಿ ಹಿಡಿ, ಈಗ ಕಣ್ಣು ಬಿಡು ಎಂದು ಹೇಳಿ ಸರಿಮಾಡಿದ್ದೆ. ಅದನ್ನು ಊರಿಕೊಂಡು ರುದ್ರಮ್ಮ ಮೊದಲು ನಡೆದು ಬಂದದ್ದು ನನ್ನ ಅಂಗಡಿಗೆ. ಬೇಲಿಯ ಕಿಂಡಿಯಿಂದ ಇಲ್ಲಿಗೆ ಹದಿನಾಲ್ಕು ಹೆಜ್ಜೆ; ಅವಳು ಗುಂಡಿಗಿಂತ ನಿಧಾನ ಬಂದಳು. ಕೂತು, ಗೂಡಿನಲ್ಲಿದ್ದ ಚಿಕ್ಕ ಹೋಳನ್ನು ನೋಡಿ, "ಇದರಲ್ಲಿ ಏನು ಮಾಡ್ತೀಯ?" ಎಂದಳು.

"ಪಿಸ್ತೂಲಿನ ಹಿಡಿ ಎರಡು ಆಗಬಹುದು. ರೈಫಲ್ಲಿಗೆ ಸಾಲದು, ಒಳಗೆಲ್ಲ ಬಿರುಕು."

"ಹಾಗಾದರೆ ನಿನ್ನ ಕೋವಿ?"

"ಇಲ್ಲ, ಬಿಡು."

ಅವಳು ನಾನು ಕೊಟ್ಟ ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿದೆ ಎಂದು ಹೇಳಿ, ಪೂರ್ತಿ ಕುಡಿದು ಹೋದಳು. ಮಾರನೆಯ ದಿನವೂ ಬಂದಳು.

ನನಗೆ ಈಗ ಅರವತ್ತೊಂದು. ಇನ್ನೊಂದು ಮರ ಕಡಿದು ಇಪ್ಪತ್ತು ವರ್ಷ ಒಣಗಿಸುವ ಕಾಲ ನನಗಿಲ್ಲ. ಸ್ವಂತ ಕೋವಿ ಹಿಡಿದು ಸ್ಪರ್ಧೆಗೆ ನಿಲ್ಲುವುದು ಇನ್ನು ಆಗುವುದಿಲ್ಲ; ಅದು ಹೋಯಿತು. ಪಕ್ಕದ ಮನೆಯವಳು ನಡೆಯುತ್ತಾಳೆ, ದಿನಾ ಮಧ್ಯಾಹ್ನ ಬರುತ್ತಾಳೆ, ಅದು ಸಿಕ್ಕಿತು.